ಪೆಟ್ಟಿಗೆಯಲ್ಲಿರುವ ಉಗಿ ಎಂಜಿನ್ ಯಾವುದು? ನಕ್ಷೆಯ ಮೂಲ, ಎರಕದ ಮೂಲ

ಪ್ರಶ್ನೆ: ನಮ್ಮ ದೊಡ್ಡಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿದ್ದರು. 1950ರ ದಶಕದಲ್ಲಿ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿದ್ದವರು ಬರುವಾಗ ಒಂದು ಮರದ ಪೆಟ್ಟಿಗೆ ತಂದಿದ್ದರು. ಅದರಲ್ಲಿ ಪುಟ್ಟ ಉಗಿ ಎಂಜಿನ್ ಕಟ್ಟುವ ಎರಕದ ತುಂಡುಗಳಿವೆ. ಯಾವುದನ್ನೂ ಲೇತ್‌ಗೆ ಹಾಕಿಲ್ಲ. ಬೀಡು ಕಬ್ಬಿಣದ ಗಾಲಿಗಳು 18: ಅಂಚಿನಿಂದ ಅಂಚಿಗೆ ಸುಮಾರು 127 ಮಿ.ಮೀ. ಇರುವವು 6, 72 ಮಿ.ಮೀ. ಇರುವವು 8, 66.5 ಮಿ.ಮೀ. ಇರುವವು 4. ಗನ್‌ಮೆಟಲ್‌ನ ಎರಡು ಸಿಲಿಂಡರ್ ಇವೆ. ನಕ್ಷೆಯ ಎರಡು ಹಾಳೆಗಳಿದ್ದು, ಹೆಸರಿರಬೇಕಾದ ಮೂಲೆ ಹರಿದುಹೋಗಿದೆ. 'ಗೇಜ್ 3½ ಇಂಚು' ಮತ್ತು 'ನೋಯೆಲ್ ಸ್ಟ್ರೀಟ್, ಲಂಡನ್' ಎಂಬುದಷ್ಟೇ ಓದಲು ಸಿಗುತ್ತದೆ. ಮನೆಯಲ್ಲಿ ಎಲ್ಲರೂ ಇದು ನಮ್ಮ ಬ್ರಾಡ್ ಗೇಜಿನ ಡಬ್ಲ್ಯೂಪಿ ಎಂಜಿನ್ ಅನ್ನುತ್ತಾರೆ. ನಿಜವಾಗಿ ಇದು ಯಾವ ಎಂಜಿನ್? ನಕ್ಷೆ ಯಾರದು, ಎರಕ ಯಾರದು? ಚಿಮಣಿ ಮತ್ತು ಹೊಗೆಪೆಟ್ಟಿಗೆಯ ಪೀಠ ಇಲ್ಲ. ಅವನ್ನು ಎಲ್ಲಿಂದ ತರುವುದು?

ಉತ್ತರ: ನೀವು ಕೊಟ್ಟ ಅಳತೆಗಳಿಂದಲೇ ಹೆಚ್ಚುಕಡಿಮೆ ಉತ್ತರ ಸಿಗುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿರುವುದು ಬ್ರಿಟಿಷ್ ರೈಲ್ವೇಸ್‌ನ 'ಬ್ರಿಟಾನಿಯಾ' ವರ್ಗದ ಎಂಜಿನ್, 16ರಲ್ಲಿ ಒಂದು ಪಾಲಿನ ಅಳತೆಯಲ್ಲಿ. ನಕ್ಷೆ ಬಹುಮಟ್ಟಿಗೆ 'ಎಲ್‌ಬಿಎಸ್‌ಸಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರದು. ಎರಕದ ಮೂಲ ಮಾತ್ರ ಬೇರೆಯೇ ಪ್ರಶ್ನೆ. ನಕ್ಷೆ ಗೊತ್ತಾದರೆ ಎರಕವೂ ಗೊತ್ತಾದಂತೆ ಎಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಇವೆರಡನ್ನೂ ಬೇರೆಬೇರೆಯಾಗಿಯೇ ಹುಡುಕಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ಮನವಿ. ಗಾಲಿಗಳನ್ನು ಈಗಲೇ ಲೇತ್‌ಗೆ ಹಾಕಬೇಡಿ. ವೈರ್ ಬ್ರಷ್‌ನಿಂದ ಜೋರಾಗಿ ಉಜ್ಜಲೂ ಬೇಡಿ. ಒರಟಾಗಿರುವ ಎರಕದ ಮೇಲೆ ಉಬ್ಬು ಅಕ್ಷರ, ಅಂಕಿ, ಅಚ್ಚಿನ ಎರಡು ಭಾಗ ಕೂಡಿದ ಗೆರೆ, ಲೋಹ ಸುರಿದ ಬಾಯಿಯ ಗುರುತು ಎಲ್ಲವೂ ಇರುತ್ತವೆ. ಮೂಲ ಹೇಳುವುದು ಇವೇ. ಒಂದು ಸಲ ಲೇತ್‌ನಲ್ಲಿ ತಿರುಗಿಸಿದರೆ ಇವೆಲ್ಲ ಹೋಗಿಬಿಡುತ್ತವೆ. ಎರಕಗಳನ್ನು ಸುತ್ತಿದ ಹಳೆ ಪತ್ರಿಕೆ, ಚೀಟಿ, ದಾರಕ್ಕೆ ಕಟ್ಟಿದ ರಟ್ಟಿನ ತುಂಡು, ಇವನ್ನೂ ಎಸೆಯಬೇಡಿ. ಪತ್ರಿಕೆಯ ಮೇಲೆ ತಾರೀಖು ಇರುತ್ತದೆ. ಚೀಟಿಯಲ್ಲಿ '12/6' ಅಂತ ಬೆಲೆ ಇದ್ದರೆ ಅದು 12 ಶಿಲಿಂಗ್ 6 ಪೆನ್ಸ್. ಇಂಗ್ಲೆಂಡ್ ಆ ಲೆಕ್ಕವನ್ನು 1971ರ ಫೆಬ್ರುವರಿಯಲ್ಲಿ ಬಿಟ್ಟಿತು. ಅಂದರೆ ಆ ಸರಕು ಅದಕ್ಕಿಂತ ಹಳೆಯದು.

ಈಗ ಗಾಲಿಗಳ ಲೆಕ್ಕಕ್ಕೆ ಬರೋಣ. ಇಂಗ್ಲೆಂಡಿನ ಹಳಿಗಳ ನಡುವಿನ ಅಂತರ (ಇದನ್ನೇ ಗೇಜ್ ಅನ್ನುವುದು) 4 ಅಡಿ 8½ ಇಂಚು, ಅಂದರೆ 56½ ಇಂಚು. ಅದನ್ನು 16ರಿಂದ ಭಾಗಿಸಿದರೆ 3.53 ಬರುತ್ತದೆ. ಅದಕ್ಕೇ 3½ ಇಂಚಿನ ಗೇಜಿನಲ್ಲಿ ಒಂದು ಅಡಿಗೆ ಮುಕ್ಕಾಲು ಇಂಚು ಎಂಬ ಅಳತೆ ನಿಂತುಬಿಟ್ಟಿತು. ನಮ್ಮ ಬ್ರಾಡ್ ಗೇಜ್ 5 ಅಡಿ 6 ಇಂಚು. ಅದೇ ಅಳತೆಗೆ ಇಳಿಸಿದರೆ 4 1/8 ಇಂಚಿನ ಹಳಿ ಬೇಕಾಗುತ್ತದೆ. ಹುಬ್ಬಳ್ಳಿಯವರಾದ ನಿಮಗೆ ಇನ್ನೊಂದು ವಿಷಯ ಇಷ್ಟವಾಗಬಹುದು: ಮೀಟರ್ ಗೇಜನ್ನು 16ರಿಂದ ಭಾಗಿಸಿದರೆ 62.5 ಮಿ.ಮೀ. ಬರುತ್ತದೆ. ಮಾದರಿ ಎಂಜಿನ್‌ಗಳ 2½ ಇಂಚಿನ ಗೇಜಿಗೆ ಅದು ಹೆಚ್ಚುಕಡಿಮೆ ಸರಿಹೊಂದುತ್ತದೆ. ನಮ್ಮ ಮೀಟರ್ ಗೇಜಿನ ವೈಪಿ ಎಂಜಿನ್ ಕಟ್ಟಬೇಕು ಅನ್ನುವವರಿಗೆ ಅದು ಒಳ್ಳೆಯ ದಾರಿ.

ಡಬ್ಲ್ಯೂಪಿ ಅನ್ನುವ ಮನೆಯವರ ಊಹೆ ಸುಮ್ನೆ ಹುಟ್ಟಿದ್ದಲ್ಲ. ಡಬ್ಲ್ಯೂಪಿಯೂ ಬ್ರಿಟಾನಿಯಾ ಹಾಗೆಯೇ 4-6-2 ಜೋಡಣೆಯ ಎಂಜಿನ್: ಮುಂದೆ 4 ಪುಟ್ಟ ಗಾಲಿ, ನಡುವೆ 6 ದೊಡ್ಡ ಗಾಲಿ, ಹಿಂದೆ 2. ಆದರೆ ಅದರ ಟೆಂಡರಿಗೆ, ಅಂದರೆ ಕಲ್ಲಿದ್ದಲು ಮತ್ತು ನೀರು ಹೊತ್ತು ಹಿಂದೆ ಬರುವ ಬಂಡಿಗೆ, 8 ಗಾಲಿ. ಒಟ್ಟು 20 ಆಗುತ್ತದೆ. ನಿಮ್ಮಲ್ಲಿರುವುದು 18. ಜತೆಗೆ ಡಬ್ಲ್ಯೂಪಿಯ ದೊಡ್ಡ ಗಾಲಿ 5 ಅಡಿ 7 ಇಂಚು. 16ರಿಂದ ಭಾಗಿಸಿದರೆ 106 ಮಿ.ಮೀ. ಚಿಲ್ಲರೆ. ನಿಮ್ಮ ಗಾಲಿ ಅದಕ್ಕಿಂತ ತುಂಬಾ ದೊಡ್ಡದು.

ಬ್ರಿಟಾನಿಯಾದ ದೊಡ್ಡ ಗಾಲಿ 6 ಅಡಿ 2 ಇಂಚು, ಮುಂದಿನ ನಾಲ್ಕು 3 ಅಡಿ, ಹಿಂದಿನ ಎರಡು 3 ಅಡಿ 3½ ಇಂಚು. ಟೆಂಡರಿನ ಆರೂ 3 ಅಡಿ 3½ ಇಂಚೇ. ಅಂದರೆ 6, 8, 4. ನಿಮ್ಮ ಮೂರು ಗುಂಪುಗಳೂ ಇವೇ ಅಲ್ವಾ? ಪುಟ್ಟ ಅಳತೆಯಲ್ಲಿ ಅವು 117.5, 62.7 ಮತ್ತು 57.2 ಮಿ.ಮೀ. ಆಗಬೇಕು. ನೀವು ಅಳೆದದ್ದು ಇದಕ್ಕಿಂತ ಜಾಸ್ತಿ ಇದೆ. ಅದು ಸಹಜ. ಲೆಕ್ಕದ ಅಳತೆ ಹಳಿಯ ಮೇಲೆ ಕೂರುವ ಭಾಗದ್ದು, ನೀವು ಅಳೆದದ್ದು ಅಂಚು ಸೇರಿಸಿ. ಜತೆಗೆ, ಲೇತ್‌ನಲ್ಲಿ ತೆಗೆಯಲೆಂದು ಬಿಟ್ಟಿರುವ ಹೆಚ್ಚುವರಿ ಲೋಹವೂ ಇದೆ.

ಆ ಹೆಚ್ಚುವರಿ ಎಷ್ಟು ಅಂತ ಪ್ಯಾಟರ್ನ್ (ಎರಕದ ಅಚ್ಚು ತೆಗೆಯಲು ಬಳಸುವ ಮಾದರಿ) ಮಾಡಿದವರಿಗೆ ಮಾತ್ರ ಗೊತ್ತು. ಹಾಗಾಗಿ ಒಂದು ಗಾಲಿಯ ಅಳತೆಯನ್ನು ನೇರವಾಗಿ ನಂಬಬಾರದು. ಎರಡು ಗಾಲಿಗಳ ವ್ಯತ್ಯಾಸವನ್ನು ನಂಬಬೇಕು. ಒಂದೇ ಕಡೆಯ ಪ್ಯಾಟರ್ನ್‌ಗಳಾದರೆ ಎಲ್ಲ ಗಾಲಿಗೂ ಹೆಚ್ಚುವರಿ ಹೆಚ್ಚುಕಡಿಮೆ ಒಂದೇ ಇರುತ್ತದೆ. ಕಳೆದಾಗ ಅದು ಹೊರಟುಹೋಗುತ್ತದೆ. ನಿಮ್ಮ 127ರಲ್ಲಿ 72 ಕಳೆದರೆ 55. ಬ್ರಿಟಾನಿಯಾ ಲೆಕ್ಕದಲ್ಲಿ ಬರಬೇಕಾದದ್ದು 54.8. ನಿಮ್ಮ 72ರಲ್ಲಿ 66.5 ಕಳೆದರೆ 5.5. ಬರಬೇಕಾದದ್ದು 5.56. ಒರಟು ಎರಕದಲ್ಲಿ ಇದಕ್ಕಿಂತ ಚೆನ್ನಾಗಿ ಹೊಂದುವುದು ಅಪರೂಪ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅದೇ ಎಲ್‌ಬಿಎಸ್‌ಸಿ ಅದೇ 3½ ಇಂಚಿನ ಗೇಜಿಗೆ 'ಡೋರಿಸ್' ಎಂಬ ಎಂಜಿನ್ ಕೊಟ್ಟಿದ್ದರು. ಅದು ಇಂಗ್ಲೆಂಡಿನ ಎಲ್‌ಎಂಎಸ್ ಎಂಬ ರೈಲ್ವೆಯ 'ಬ್ಲ್ಯಾಕ್ ಫೈವ್' ಎಂಜಿನ್ನಿನ ಮಾದರಿ. ಅದರ ದೊಡ್ಡ ಗಾಲಿ 6 ಅಡಿ. ಪುಟ್ಟ ಅಳತೆಯಲ್ಲಿ ಬ್ರಿಟಾನಿಯಾದ ಗಾಲಿಗೂ ಇದಕ್ಕೂ 3 ಮಿ.ಮೀ. ಮಾತ್ರ ವ್ಯತ್ಯಾಸ. ಲೇತ್‌ಗೆಂದು ಬಿಡುವ ಲೋಹವೇ ಅಷ್ಟಿರಬಹುದು. ಬರೀ ದೊಡ್ಡ ಗಾಲಿ ಕೈಯಲ್ಲಿ ಹಿಡಿದು ಇದು ಯಾವುದು ಅಂದರೆ ಯಾರೂ ಖಚಿತವಾಗಿ ಹೇಳಲಾರರು. ಎರಡೂ ಮೂಲ ಎಂಜಿನ್‌ಗಳಲ್ಲಿ ಪಿಸ್ಟನ್ ಓಡುವ ದೂರ 28 ಇಂಚೇ. ಹಾಗಾಗಿ ಕ್ರ್ಯಾಂಕಿನ ದೂರ ಅಳೆದರೂ ಉಪಯೋಗವಿಲ್ಲ. ಆದರೆ ಬ್ಲ್ಯಾಕ್ ಫೈವ್‌ನ ಟೆಂಡರ್ ಗಾಲಿ 4 ಅಡಿ 3 ಇಂಚು. ಅದರ ಪೆಟ್ಟಿಗೆಯಲ್ಲಿ 6 ದೊಡ್ಡವು, 6 ಮಧ್ಯಮ, 4 ಚಿಕ್ಕವು, ಒಟ್ಟು 16 ಇರಬೇಕು. ಜನ ಯಾವಾಗಲೂ ದೊಡ್ಡ ಗಾಲಿಯನ್ನೇ ನೋಡುತ್ತಾರೆ. ಗುಟ್ಟು ಹೇಳುವುದು ಟೆಂಡರಿನ ಗಾಲಿ.

ನಿಮ್ಮ ಗಾಲಿಗಳಿಗೆ ಹೊಂದುವ ಇನ್ನೊಂದೇ ಎಂಜಿನ್ 'ಕ್ಲಾನ್' ವರ್ಗ. ಅದು ಬ್ರಿಟಾನಿಯಾದ ತಮ್ಮ. ಕೆಳಗಿನ ಗಾಲಿಗಳೆಲ್ಲ ಅವೇ, ಮೇಲಿನ ಬಾಯ್ಲರ್ ಚಿಕ್ಕದು. ಇಂಗ್ಲೆಂಡಿನ ಕ್ರೂ ಊರಿನ ರೈಲ್ವೆ ಕಾರ್ಖಾನೆಯಲ್ಲಿ 1951–52ರಲ್ಲಿ ಹತ್ತೇ ಹತ್ತು ಕಟ್ಟಿದರು. ಅದೇ ಕಾರ್ಖಾನೆ 1951ರಿಂದ 1954ರ ಒಳಗೆ ಕಟ್ಟಿದ ಬ್ರಿಟಾನಿಯಾಗಳು 55. ನಿಮ್ಮ ದೊಡ್ಡಪ್ಪ ಅಲ್ಲಿದ್ದ ದಿನಗಳಲ್ಲಿ ಹೊಸದಾಗಿ ಹಳಿಗೆ ಇಳಿದಿದ್ದ, ಎಲ್ಲರೂ ಮಾತಾಡುತ್ತಿದ್ದ ಎಂಜಿನ್ ಅದು. ರೈಲ್ವೆ ವರ್ಕ್‌ಶಾಪ್‌ನ ಮನುಷ್ಯ ಅದನ್ನೇ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೂ ಗಟ್ಟಿ ಮಾಡಿಕೊಳ್ಳಬೇಕಾದರೆ ಗಾಲಿಯ ಕಡ್ಡಿಗಳನ್ನು ಎಣಿಸಿ. ಕ್ರ್ಯಾಂಕ್ ಪಿನ್ನಿನ ಗುಬ್ಬಿ ಒಂದು ಕಡ್ಡಿಯ ನೇರಕ್ಕಿದೆಯೋ, ಎರಡು ಕಡ್ಡಿಗಳ ನಡುವೆ ಇದೆಯೋ ನೋಡಿ. ಮೂಲ ಬ್ರಿಟಾನಿಯಾಗಳಲ್ಲಿ 70000 ಮತ್ತು 70013 ಸಂಖ್ಯೆಯವು ಇಂದಿಗೂ ಉಳಿದಿವೆ. ಅವುಗಳ ಫೋಟೋಗಳು ಬೇಕಾದಷ್ಟು ಸಿಗುತ್ತವೆ, ಹೋಲಿಸಿ ನೋಡಿ. ಗಾಲಿಯ ವ್ಯಾಸವನ್ನು ಕೊಂಚ ಆಚೀಚೆ ಮಾಡುವ ಮಾದರಿಕಾರರೂ ಕಡ್ಡಿಗಳ ಲೆಕ್ಕ ತಪ್ಪಿಸುವುದು ಕಡಿಮೆ.

ನಕ್ಷೆಯ ವಿಷಯ. ನೋಯೆಲ್ ಸ್ಟ್ರೀಟ್ ಎಂಬ ಎರಡು ಪದ ಉಳಿದಿರುವುದು ನಿಮ್ಮ ಭಾಗ್ಯ. 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆಯನ್ನು ಪರ್ಸಿವಲ್ ಮಾರ್ಷಲ್ 1898ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದರು. ಅವರ ಕಂಪನಿಯೇ ನಕ್ಷೆಗಳನ್ನೂ ಅಚ್ಚುಹಾಕಿ ಮಾರುತ್ತಿತ್ತು. ಆ ಕಂಪನಿಯ ಕಚೇರಿ 1940ರ ದಶಕದಲ್ಲಿ ಗ್ರೇಟ್ ಕ್ವೀನ್ ಸ್ಟ್ರೀಟ್‌ನಲ್ಲಿತ್ತು, 1950ರ ದಶಕದಲ್ಲಿ ನೋಯೆಲ್ ಸ್ಟ್ರೀಟ್‌ನಲ್ಲಿತ್ತು. 1960ರ ದಶಕದಲ್ಲಿ ಪತ್ರಿಕೆ ಬೇರೆ ಒಡೆತನಕ್ಕೆ ಹೋದ ಮೇಲೆ ಹಾಳೆಗಳ ಮೇಲೆ ಹೆಮೆಲ್ ಹೆಂಪ್‌ಸ್ಟೆಡ್ ಊರಿನ ವಿಳಾಸ ಬರತೊಡಗಿತು. ನಿಮ್ಮ ಹಾಳೆ ದೊಡ್ಡಪ್ಪನ ಕಾಲಕ್ಕೆ ಸರಿಯಾಗಿ ಕೂರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ವಿಳಾಸ ಹೇಳುವುದು ಆ ಹಾಳೆ ಅಚ್ಚಾದ ಕಾಲವನ್ನು, ವಿನ್ಯಾಸ ಹುಟ್ಟಿದ ಕಾಲವನ್ನಲ್ಲ. ಒಂದೇ ನಕ್ಷೆಯನ್ನು ದಶಕಗಟ್ಟಲೆ ಮತ್ತೆಮತ್ತೆ ಅಚ್ಚುಹಾಕಿದ್ದಾರೆ.

ಎಲ್‌ಬಿಎಸ್‌ಸಿ ಯಾರು? ಅದು ಲಿಲಿಯನ್ ಲಾರೆನ್ಸ್ ಎಂಬವರ ಬರಹದ ಹೆಸರು. ಜನ ಕರ್ಲಿ ಲಾರೆನ್ಸ್ ಅನ್ನುತ್ತಿದ್ದರು. ತಾವು ಕೆಲಸಮಾಡಿದ ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಮೊದಲಕ್ಷರಗಳನ್ನೇ ಹೆಸರಾಗಿ ಇಟ್ಟುಕೊಂಡರು. 1920ರ ದಶಕದಿಂದ 1967ರಲ್ಲಿ ತೀರಿಕೊಳ್ಳುವ ತನಕ ಬರೆದರು. ಅವರಿಗೆ ಮುಂಚೆ ಈ ಕ್ಷೇತ್ರದಲ್ಲಿ ದೊಡ್ಡ ಹೆಸರು ಹೆನ್ರಿ ಗ್ರೀನ್ಲಿಯದು. ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಕಂಪನಿಗೆ ಎಂಜಿನ್‌ಗಳನ್ನು ರೂಪಿಸಿದವರು ಅವರು. ಪುಟ್ಟ ಎಂಜಿನ್‌ಗೆ ಸ್ಪಿರಿಟ್ ದೀಪವೇ ಸಾಕು ಎಂಬ ವಾದ ಆಗ ಬಲವಾಗಿತ್ತು. ಲಾರೆನ್ಸ್ ಒಪ್ಪಲಿಲ್ಲ. ನಿಜವಾದ ಎಂಜಿನ್ನಿನ ಹಾಗೆ ಕಲ್ಲಿದ್ದಲು ಉರಿಸುವ, ಒಳಗೆ ಹೊಗೆಕೊಳವೆಗಳಿರುವ ಬಾಯ್ಲರನ್ನೇ 2½ ಇಂಚಿನ 'ಆಯೇಷಾ' ಎಂಜಿನ್ನಿಗೆ ಇಟ್ಟರು. ಅದು ದೊಡ್ಡ ಮನುಷ್ಯರನ್ನೇ ಕೂರಿಸಿಕೊಂಡು ಎಳೆಯಿತು. 1920ರ ದಶಕದ ಈ ಜಟಾಪಟಿಯನ್ನು ಮಾದರಿಕಾರರು ಇಂದಿಗೂ ಬಾಯ್ಲರ್ ಯುದ್ಧ ಎಂದೇ ಕರೆಯುತ್ತಾರೆ. ಮಾದರಿ ಎಂಜಿನ್ ಅಂದರೆ ಆಟಿಕೆ ಅಲ್ಲ, ಕೆಲಸಮಾಡುವ ಯಂತ್ರ ಎಂದು ಸಾಮಾನ್ಯ ಜನರಿಗೆ ತೋರಿಸಿಕೊಟ್ಟದ್ದು ಲಾರೆನ್ಸ್ ಎಂದೇ ನಾನು ನಂಬಿದ್ದೇನೆ.

ಮೂಲ ಹುಡುಕುವವರಿಗೆ ಅವರ ಕೆಲಸದ ರೀತಿ ಗೊತ್ತಿರಬೇಕು. ಅವರು ಪ್ರತಿ ಎಂಜಿನ್ನಿಗೂ ಒಂದು ಹೆಸರಿಡುತ್ತಿದ್ದರು: ಡೋರಿಸ್, ಜೂಲಿಯೆಟ್, ಮೋಲಿ, ಟಿಚ್. ಹೆಸರು ನೋಡಿ ಮೂಲ ಎಂಜಿನ್ ಊಹಿಸಲಾಗದು. ಕೆಲವಕ್ಕೆ ಮೂಲ ಎಂಜಿನ್ನೇ ಇಲ್ಲ. ಟಿಚ್ ಅನ್ನು ಎಷ್ಟು ರೈಲ್ವೆ ಪುಸ್ತಕ ತೆಗೆದರೂ ಸಿಗುವುದಿಲ್ಲ, ಅದು ಅವರದೇ ಕಲ್ಪನೆಯ ನಾಲ್ಕು ಗಾಲಿಯ ಎಂಜಿನ್. ಮಾರ್ಟಿನ್ ಇವಾನ್ಸ್ ಎಂಬ ಇನ್ನೊಬ್ಬ ವಿನ್ಯಾಸಕಾರರ 'ರಾಬ್ ರಾಯ್' ಹಾಗಲ್ಲ. ಅದು ಸ್ಕಾಟ್ಲೆಂಡಿನ ಕ್ಯಾಲಿಡೋನಿಯನ್ ರೈಲ್ವೆಯ ನಿಜವಾದ ಎಂಜಿನ್ ನೋಡಿ ಮಾಡಿದ್ದು. ಇನ್ನು ಲಾರೆನ್ಸ್ ಮೂಲ ಎಂಜಿನ್ ನೋಡಿ ಮಾಡಿದಾಗಲೂ ಹೊರಗಿನ ರೂಪವನ್ನಷ್ಟೇ ತೆಗೆದುಕೊಳ್ಳುತ್ತಿದ್ದರು. ಒಳಗಿನ ಬಾಯ್ಲರ್, ಪಂಪು, ಕವಾಟಗಳು ಪುಟ್ಟ ಅಳತೆಯಲ್ಲಿ ಕೆಲಸಮಾಡುವಂತೆ ಅವರದೇ ಯೋಚನೆ. ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂನಲ್ಲಿ ರೈಲ್ವೆ ಕಾರ್ಖಾನೆಗಳ ಮೂಲ ಡ್ರಾಯಿಂಗ್‌ಗಳಿವೆ. ಅಲ್ಲಿಂದ ಮೂಲ ಎಂಜಿನ್ನಿನ ಡ್ರಾಯಿಂಗ್ ತರಿಸಿದರೆ ಹೊರಗಿನ ಅಲಂಕಾರಕ್ಕೆ ಚೆನ್ನಾಗಿ ಉಪಯೋಗವಾಗುತ್ತದೆ. ಒಳಗಿನ ಕೆಲಸಕ್ಕೆ ಬರುವುದಿಲ್ಲ.

ಅವರು ಬರೆದದ್ದು ವಾರಪತ್ರಿಕೆಯಲ್ಲಿ, ಕಂತು ಕಂತಾಗಿ. ಒಂದೊಂದು ವಾರ ಒಂದೊಂದು ಭಾಗ. ಮುಂಚಿನ ಕಂತಿನ ತಪ್ಪನ್ನು ಮುಂದಿನ ವಾರಗಳಲ್ಲಿ ತಿದ್ದುವುದೂ ಇತ್ತು. ದೊಡ್ಡ ಹಾಳೆಯ ನಕ್ಷೆಗಳನ್ನು ಬೇರೆಯಾಗಿ ಮಾರುತ್ತಿದ್ದರು. ಹಾಗಾಗಿ ಹಾಳೆಯಲ್ಲಿ ಒಂದು ಅಳತೆ, ಪತ್ರಿಕೆಯಲ್ಲಿ ಇನ್ನೊಂದು ಇರಬಹುದು. ನಿಮ್ಮ ಬಳಿ ಎರಡೇ ಹಾಳೆ ಇವೆ. ಉಳಿದ ಹಾಳೆಗಳನ್ನು ಕೊಂಡರೂ ಸರಣಿ ಬಂದ 1950ರ ದಶಕದ ಆರಂಭದ ಸಂಪುಟಗಳನ್ನೂ ಸಂಪಾದಿಸಿಕೊಳ್ಳಿ. ಬೈಂಡ್ ಮಾಡಿದ ಹಳೆ ಸಂಪುಟಗಳು ಇಂಗ್ಲೆಂಡಿನ ಹಳೆ ಪುಸ್ತಕದಂಗಡಿಗಳಲ್ಲಿ ಈಗಲೂ ಸಿಗುತ್ತವೆ. ನಿಮ್ಮ ಹಾಳೆ ನೋಡಿ ನೀವು ಎಂಜಿನ್ ಕಟ್ಟಿಕೊಳ್ಳಿ, ತೊಂದರೆಯಿಲ್ಲ. ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚಬೇಡಿ. ಇಂಗ್ಲೆಂಡಿನಲ್ಲಿ ಬರೆದವರು ತೀರಿಕೊಂಡ 70 ವರ್ಷದ ತನಕ ಹಕ್ಕು ಇರುತ್ತದೆ, ನಮ್ಮಲ್ಲಿ 60 ವರ್ಷ.

ಹರಿದ ಮೂಲೆಯ ಬಗ್ಗೆ ಚಿಂತೆ ಬೇಡ. ನಕ್ಷೆಯ ಮೈಮೇಲೆಯೇ ಊರಿನ ಗುರುತು ಇರುತ್ತದೆ. ತಿರುಪುಗಳಿಗೆ '6 ಬಿಎ', '4 ಬಿಎ' ಎಂದೋ, '1/4 × 40' ಎಂದೋ ಬರೆದಿದ್ದರೆ ಅದು ಬ್ರಿಟಿಷ್ ನಕ್ಷೆ. '4-40', '5-40' ಎಂದಿದ್ದರೆ ಅಮೆರಿಕದ್ದು. ಅಮೆರಿಕದವರು ಮೇಲಿಂದ ಕಂಡ ನೋಟವನ್ನು ಮುಂದಿನ ನೋಟದ ಮೇಲ್ಗಡೆ ಬರೆಯುತ್ತಾರೆ. ಹಳೆಯ ಬ್ರಿಟಿಷ್ ನಕ್ಷೆಗಳಲ್ಲಿ ಅದು ಕೆಳಗಡೆ ಇರುತ್ತದೆ.

ಈಗ ಎರಕ. ಲಾರೆನ್ಸ್ ಎರಕ ಮಾರುತ್ತಿರಲಿಲ್ಲ. ಅವರ ಸರಣಿ ಶುರುವಾದ ಕೂಡಲೇ ಸಾಮಾನು ಮಾರುವ ಅಂಗಡಿಯವರು ನಕ್ಷೆ ನೋಡಿ ಮರದ ಪ್ಯಾಟರ್ನ್ ಮಾಡಿಸಿ, ಫೌಂಡ್ರಿಯಲ್ಲಿ ಎರಕ ಹುಯ್ಯಿಸಿ, ಅದೇ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಎ.ಜೆ. ರೀವ್ಸ್, ಹರ್ಟ್‌ಫರ್ಡ್‌ನ ಕೆನಿಯನ್, ಲಂಡನ್ನಿನ ಬಾಂಡ್ಸ್ ಓ ಯೂಸ್ಟನ್ ರೋಡ್ ಅಂಥ ಅಂಗಡಿಗಳು. ಒಂದೇ ನಕ್ಷೆಗೆ ಎರಡು ಮೂರು ಕಡೆಯ ಎರಕಗಳು ಇದ್ದದ್ದುಂಟು. ಪ್ರತಿ ಪ್ಯಾಟರ್ನ್ ಮೇಕರ್ ನಕ್ಷೆಯನ್ನು ತನ್ನ ರೀತಿಯಲ್ಲಿ ಓದುತ್ತಾನೆ. ಒಬ್ಬರ ಗಾಲಿಯ ಕಡ್ಡಿ ದುಂಡಗೆ, ಇನ್ನೊಬ್ಬರದು ಚಪ್ಪಟೆ. ಒಬ್ಬರು ಸಿಲಿಂಡರಿನ ರಂಧ್ರ ಟೊಳ್ಳಾಗಿ ಉಳಿಯಲೆಂದು ಮರಳಿನ ಕೋರ್ ಇಡುತ್ತಾರೆ, ಇನ್ನೊಬ್ಬರು ಗಟ್ಟಿಯಾಗಿಯೇ ಎರಕ ಹುಯ್ಯುತ್ತಾರೆ. ಅಂಗಡಿ ಮುಚ್ಚಿದಾಗ ಪ್ಯಾಟರ್ನ್‌ಗಳು ಇನ್ನೊಬ್ಬರ ಕೈ ಸೇರುತ್ತವೆ. ಹಾಗಾಗಿ ಉಬ್ಬು ಅಕ್ಷರ ಸಿಕ್ಕರೆ ಅದು ಪ್ಯಾಟರ್ನಿನ ಮೊದಲ ಒಡೆಯನ ಗುರುತು. ನಿಮಗೆ ಮಾರಿದ ಅಂಗಡಿಯ ಗುರುತು ಆಗಿರಲೇಬೇಕೆಂದಿಲ್ಲ. ಆ ಅಕ್ಷರ ಮತ್ತು ಅಂಕಿಗಳನ್ನು ಆಯಾ ಅಂಗಡಿಯ ಅದೇ ಕಾಲದ ಹಳೆ ಕ್ಯಾಟಲಾಗ್ ಜತೆ ಹೋಲಿಸಬೇಕು. ಇಂಗ್ಲೆಂಡಿನ ಮಾದರಿಕಾರರ ಸಂಘಗಳಲ್ಲಿ ಇಂಥ ಕ್ಯಾಟಲಾಗ್ ಜೋಪಾನ ಮಾಡಿದವರು ಇದ್ದಾರೆ. 1898ರಲ್ಲೇ ಹುಟ್ಟಿದ ಲಂಡನ್ನಿನ ಸೊಸೈಟಿ ಆಫ್ ಮಾಡೆಲ್ ಅಂಡ್ ಎಕ್ಸ್‌ಪೆರಿಮೆಂಟಲ್ ಎಂಜಿನಿಯರ್ಸ್‌ನಿಂದ ಶುರುಮಾಡಬಹುದು. ಬರೆಯುವಾಗ ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆದ ಫೋಟೋ ಕಳಿಸಿ.

ಎರಕ ಅಸಲಿ ಪ್ಯಾಟರ್ನಿನದೋ, ಇನ್ನೊಂದು ಎರಕವನ್ನೇ ಪ್ಯಾಟರ್ನ್ ಮಾಡಿಕೊಂಡು ತೆಗೆದ ನಕಲೋ ಎಂದು ಕಂಡುಹಿಡಿಯಲು ಒಂದು ಒಳ್ಳೆಯ ದಾರಿ ಇದೆ. ಲೋಹ ತಣ್ಣಗಾಗುವಾಗ ಕುಗ್ಗುತ್ತದೆ. ಬೀಡು ಕಬ್ಬಿಣ ಸುಮಾರು ನೂರಕ್ಕೆ 1 ಪಾಲು, ಗನ್‌ಮೆಟಲ್ ಸುಮಾರು ಒಂದೂವರೆ ಪಾಲು. ಪ್ಯಾಟರ್ನ್ ಮೇಕರ್ ಅಷ್ಟು ದೊಡ್ಡದಾಗಿಯೇ ಪ್ಯಾಟರ್ನ್ ಮಾಡುತ್ತಾನೆ. ಎರಕವನ್ನೇ ಪ್ಯಾಟರ್ನ್ ಮಾಡಿಕೊಂಡರೆ ಎರಡನೇ ಸಲ ಕುಗ್ಗುತ್ತದೆ. 127 ಮಿ.ಮೀ. ಗಾಲಿಯ ನಕಲು 125.7ಕ್ಕೆ ಇಳಿಯುತ್ತದೆ. ಹಾಗಾದರೆ ಅದು ಬ್ರಿಟಾನಿಯಾ ಗಾಲಿಗೂ ಡೋರಿಸ್ ಗಾಲಿಗೂ ನಡುವೆ ಬಂದು ನಿಲ್ಲುತ್ತದೆ, ಹುಡುಕುವವರು ದಾರಿ ತಪ್ಪುತ್ತಾರೆ. ಕಡ್ಡಿಯ ಅಂಚುಗಳೂ ಮೊಂಡಾಗುತ್ತವೆ, ಅಕ್ಷರಗಳು ಮಸುಕಾಗುತ್ತವೆ. ಒಂದೇ ಗುಂಪಿನ ಆರೂ ಗಾಲಿಗಳನ್ನು ಬೇರೆಬೇರೆಯಾಗಿ ಅಳೆಯಿರಿ. ಐದು ಒಂದೇ ಆಗಿದ್ದು ಆರನೆಯದು ಒಂದು ಮಿ.ಮೀ.ಗಿಂತ ಜಾಸ್ತಿ ಚಿಕ್ಕದಾಗಿದ್ದರೆ ಅದು ಆಮೇಲೆ ಸೇರಿಕೊಂಡದ್ದು ಅಂತ ಸಂಶಯ ಪಡಬೇಕು.

ಬಾಯ್ಲರ್ ಬಗ್ಗೆ ಒಂದೇ ಮಾತು. ನಕ್ಷೆಯ ಮೂಲ ಖಚಿತವಾಗುವ ತನಕ ತಾಮ್ರದ ತಗಡು ಕತ್ತರಿಸಬೇಡಿ. ಬೇರೆ ಯಾವ ಭಾಗದಲ್ಲಾದರೂ ಹೊಂದಿಸಿಕೊಳ್ಳಬಹುದು, ಇಲ್ಲಿ ಆಗದು. ಆ ಕಾಲದ ಬರಹಗಳು ಹೇಳುವ ಬೆಳ್ಳಿ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು. ಅದರ ಹೊಗೆ ಶ್ವಾಸಕೋಶಕ್ಕೆ ಬಹಳ ಅಪಾಯ. ಕ್ಯಾಡ್ಮಿಯಂ ಇಲ್ಲದ ಬೆಸುಗೆಯನ್ನೇ ಬಳಸಿ. ಹೊಸ ಬಾಯ್ಲರಿಗೆ ಮೊದಲು ನೀರು ತುಂಬಿಸಿ, ಕೆಲಸದ ಒತ್ತಡದ ಎರಡರಷ್ಟು ಒತ್ತಡದಲ್ಲಿ ಪರೀಕ್ಷೆ ಮಾಡಿಸಿ.

ಕೊನೆಗೆ ಕಾಣೆಯಾದ ಎರಡು ತುಂಡು. ಚಿಮಣಿಗೆ ಎರಕವೇ ಬೇಕಿಲ್ಲ, ಗಟ್ಟಿ ಸರಳಿನಿಂದ ಲೇತ್‌ನಲ್ಲಿ ತಿರುಗಿಸಿ ಮಾಡಬಹುದು. ಹೊಗೆಪೆಟ್ಟಿಗೆಯ ಪೀಠವನ್ನು ಇಂಗ್ಲೆಂಡಿನ ಅಂಗಡಿಗಳಲ್ಲಿ ವಿಚಾರಿಸಿ. ಕೇಳುವಾಗ 'ಎಲ್‌ಬಿಎಸ್‌ಸಿ, ಬ್ರಿಟಾನಿಯಾ, 3½ ಇಂಚು' ಎಂದು ಮೂರನ್ನೂ ಹೇಳಿ, ಯಾಕೆಂದರೆ ಬೇರೆ ಗೇಜಿನ ಬ್ರಿಟಾನಿಯಾಗಳೂ ಇವೆ. ಸಿಗದಿದ್ದರೆ ನಿಮ್ಮ ಪಕ್ಕದಲ್ಲೇ ಬೆಳಗಾವಿ ಇದೆ. ಉದ್ಯಮಬಾಗದ ಫೌಂಡ್ರಿಗಳಿಗೆ ಇದು ತುಂಬಾ ಸಣ್ಣ ಕೆಲಸ. ಆದರೆ ಒಳ್ಳೆಯ ಪ್ಯಾಟರ್ನ್ ತೆಗೆದುಕೊಂಡು ಹೋದರೆ ಬೇರೆ ಕೆಲಸದ ಜತೆ ಒಂದು ಅಚ್ಚು ಸೇರಿಸಿಕೊಡುವವರು ಸಿಗುತ್ತಾರೆ. ಪ್ಯಾಟರ್ನಿಗೆ ನೂರಕ್ಕೆ ಒಂದು ಪಾಲು ಕುಗ್ಗುವಿಕೆ ಸೇರಿಸಿ. ಲೇತ್ ಅಥವಾ ಮಿಲ್ಲಿಂಗ್ ಆಗಬೇಕಾದ ಕಡೆ ಒಂದೂವರೆ ಎರಡು ಮಿ.ಮೀ. ಜಾಸ್ತಿ ಬಿಡಿ. ಪೀಠದ ಕೆಳಭಾಗದಲ್ಲಿ, ಲೇತ್ ಮುಟ್ಟದ ಜಾಗದಲ್ಲಿ, ನಿಮ್ಮ ಹೆಸರಿನ ಮೊದಲಕ್ಷರ ಮತ್ತು ವರ್ಷವನ್ನು ಉಬ್ಬಾಗಿ ಹಾಕಿಸಿ.